ಕಾಳು, ಮಿಡುಕು, ಅಂಟು

ನಮ್ಮೂರ ಕಾಲುವೆಯಲ್ಲಿ ಇಂಗ್ಲಿಷ್ ಪದಗಳು ತೇಲಿಕೊಂಡು ಬರುತ್ತವೆ. ಎಲ್ಲಿಂದ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿ ಕೇಳಲಿಲ್ಲ, ನಮ್ಮಮ್ಮ ಕೇಳಲಿಲ್ಲ, ನಾನೂ ಕೇಳಿದವಳಲ್ಲ. ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆಯುವಷ್ಟರಲ್ಲಿ ತೂಬಿನ ಜಾಲರಿಗೆ ಬಂದು ಬಿದ್ದಿರುತ್ತವೆ, ಕಪ್ಪಗೆ, ಒದ್ದೆಯಾಗಿ, ಹುಣಸೆಬೀಜದಷ್ಟು ಗಾತ್ರ. ಗಂಡಸರು ಮೊರದಲ್ಲಿ ತುಂಬಿ ತಂದು ಕಟ್ಟೆಯ ಮೇಲೆ ಸುರಿದು ಹೋಗುತ್ತಾರೆ. ಅಲ್ಲಿಂದಾಚೆಗೆ ಹೆಂಗಸರ ಕೆಲಸ. ಅವನ್ನು ಬಗೆಬಗೆಯಾಗಿ ಆರಿಸಿ ಎಂಟು ಬುಟ್ಟಿಗೆ ಹಾಕಬೇಕು. ಹೊತ್ತು ನೆತ್ತಿಗೇರುವ ಮುಂಚೆ ಬುಟ್ಟಿಗಳು ಬಂಡಿ ಹತ್ತಿ ಕೆಳಗಿನ ಊರಿಗೆ ಹೋಗುತ್ತವೆ. ಅಲ್ಲಿಯವರು ಅವನ್ನು ಕೂಡಿಸಿ ವಾಕ್ಯ ಕಟ್ಟುತ್ತಾರಂತೆ. ಕಟ್ಟಿಕೊಳ್ಳಲಿ, ನಮ್ಮದೇನು ಹೋಗುತ್ತದೆ.

ಆರಿಸುವ ನಮ್ಮಲ್ಲಿ ಒಬ್ಬಳಿಗೂ ಇಂಗ್ಲಿಷ್ ಬರುವುದಿಲ್ಲ. ನನಗಂತೂ ಕನ್ನಡವೇ 'ಪುಟ್ಟಸಿದ್ದಮ್ಮ' ಅಂತ ರುಜು ಹಾಕುವಷ್ಟು ಮಾತ್ರ. ಆದರೂ ನಲವತ್ತು ವರ್ಷ ಆರಿಸಿದ್ದೇನೆ. ಕಣ್ಣಿಗೆ ಎಲ್ಲ ಪದವೂ ಒಂದೇ ಥರ, ಬೆರಳಿಗೆ ಹಾಗಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದರೆ ಸಾಕು. ಭಾರವಾಗಿ, ಇಟ್ಟಲ್ಲಿ ಇರುವುದು ಕಾಳು. ಬೆರಳೊಳಗೆ ನಾಡಿಯ ಹಾಗೆ ಮಿಡಿಯುವುದು ಮಿಡುಕು. ಒಂಟಿಯಾಗಿರಲಾರದೆ ಪಕ್ಕದ ಕಾಳಿಗೆ ಹತ್ತಿಕೊಳ್ಳುವುದು ಅಂಟು. ಮಿಡುಕಿನ ಬೆನ್ನು ಹಿಡಿದು ಜಾರಾಡುವುದು ಜಾರು. ನೋಡಲು ಕಾಳಿನಂತೆಯೇ ಇದ್ದು ಒಳಗೆ ಏನೂ ಇಲ್ಲದ್ದು ಪೊಳ್ಳು. ಒಂದು ತುದಿ ಬಾಗಿದ್ದರೆ ಕೊಕ್ಕೆ, ಎರಡೂ ತುದಿ ಬಾಗಿದ್ದರೆ ಜೋಡುಕೊಕ್ಕೆ. ಮುಟ್ಟಿದ ಕೂಡಲೇ ಚಟ್ ಅಂತ ಸಿಡಿದು ಬೆಚ್ಚಿಬೀಳಿಸುವುದು ಚಿಟಿಕೆ. ದಿನಕ್ಕೆ ನಾಲ್ಕೋ ಐದೋ ಸಿಗುತ್ತವೆ, ಸಿಕ್ಕಾಗ ಕಟ್ಟೆಯೆಲ್ಲ ನಗುತ್ತದೆ.

ಇವಕ್ಕೆಲ್ಲ ಪುಸ್ತಕದ ಹೆಸರೂ ಇದೆ. ಅದು ಗೊತ್ತಿರುವುದು ರಾಚಪ್ಪ ಮೇಷ್ಟ್ರಿಗೆ. ಬುಟ್ಟಿಗಳ ಲೆಕ್ಕ ನೋಡಿಕೊಳ್ಳುವವರು ಅವರೇ. ಕಾಳಿಗೆ ನೌನು, ಮಿಡುಕಿಗೆ ವರ್ಬು, ಅಂಟಿಗೆ ಅಡ್ಜೆಕ್ಟಿವ್ ಅಂತ ಏನೇನೋ ಹೇಳುತ್ತಾರೆ, ಪಾಪ. ಒಂದು ಸಲ ನಾನು ಆರಿಸಿದ ಪದವೊಂದನ್ನು ಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿಯಲ್ಲಿ ನೋಡಿ, "ಇದು 'ವಾಕ್', ನಡೆಯೋದು ಅಂತ. ಕೆಲಸ ಹೇಳೋ ಪದ. ಕಾಳಿನ ಬುಟ್ಟೀಲಿ ಹಾಕಿದೀರಲ್ಲ!" ಅಂದರು. ನಾನು ಅವರ ಅಂಗೈಯಲ್ಲೇ ಇಟ್ಟು, "ಮಿಡೀತದೇನು ನೋಡಿ ಮೇಷ್ಟ್ರೇ" ಅಂದೆ. ಮಿಡಿಯಲಿಲ್ಲ. ಪುಸ್ತಕ ತಿರುವಿದರು, ತಲೆ ಕೆರೆದುಕೊಂಡರು, ಕೊನೆಗೆ, "ಹೌದು, ಯಾರೋ ಒಂದು ವಾಕ್ ಹೋಗಿದ್ರು ಅಂತ ಕಾಣುತ್ತೆ. ಅದು ಯಾವ ವಾಕ್ಯದಿಂದ ಮುರಿದು ಬಂತೋ ಅದರ ಮೇಲೆ ಹೋಗುತ್ತೆ" ಅಂತ ಒಪ್ಪಿಕೊಂಡರು. ಬೆಂಕಿ ಬಿಸಿ ಅನ್ನುವುದನ್ನು ಪುಸ್ತಕ ನೋಡಿ ತಿಳಿದುಕೊಳ್ಳಬೇಕೇನು? ಆವತ್ತಿನಿಂದ ಅವರು ನನ್ನ ಬುಟ್ಟಿಯ ತಂಟೆಗೆ ಬರಲಿಲ್ಲ. ಜಂಬ ಅಂತ ಬೇಕಾದರೆ ಅನ್ನಿ. ಇತ್ತು ನನಗೆ ಜಂಬ.

ಕಟ್ಟೆಯಲ್ಲಿ ಒಂದು ಚಾಪೆಗೆ ಇಬ್ಬರು. ಎದುರುಬದುರು ಕೂರಬೇಕು, ನಡುವೆ ರಾಶಿ, ಅವಳ ಕಡೆ ಅವಳ ಎಂಟು ಬುಟ್ಟಿ, ನನ್ನ ಕಡೆ ನನ್ನ ಎಂಟು. ಒಂದು ಸಲ ಜೋಡಿ ಕೂತರೆ ಮುಗಿಯಿತು, ಸಾಯುವ ತನಕ ಬದಲಿಸುವ ಹಾಗಿಲ್ಲ. ತಪ್ಪು ಪದ ಹೋದರೆ ಕೆಳಗಿನ ಊರಿನವರು ಬುಟ್ಟಿಗೆ ಕೆಂಪು ದಾರ ಕಟ್ಟಿ ವಾಪಸು ಕಳಿಸುತ್ತಾರೆ. ಒಂದು ಚಾಪೆಗೆ ವರ್ಷಕ್ಕೆ ಮೂರು ಕೆಂಪು ದಾರ ಬಂದರೆ ಆ ಚಾಪೆಯನ್ನೇ ಎತ್ತಿಬಿಡುತ್ತಾರೆ, ತಪ್ಪು ಯಾರದ್ದೇ ಇರಲಿ. ಇನ್ನೊಂದು ಕಟ್ಟುಪಾಡು: ಇನ್ನೊಬ್ಬಳ ಬುಟ್ಟಿಗೆ ಕೈ ಹಾಕಕೂಡದು. ಅದು ಇನ್ನೊಬ್ಬಳ ಒಲೆಯ ಮೇಲಿನ ಸಾರಿಗೆ ಹೋಗಿ ಉಪ್ಪು ಹಾಕಿದ ಹಾಗೆ. ನಮ್ಮೂರಲ್ಲಿ ಅಂಥ ಮಾನಗೇಡು ಕೆಲಸ ಇನ್ನೊಂದಿಲ್ಲ.

ನನ್ನ ಎದುರಿಗೆ ಕೂರುತ್ತಿದ್ದವಳು ದೇವೀರಮ್ಮ, ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ನಾನು ದೊಡ್ಡ ಸೊಸೆಯಾಗಿ ಬಂದ ಮೂರು ವರ್ಷಕ್ಕೆ ಅವಳು ಚಿಕ್ಕ ಸೊಸೆಯಾಗಿ ಬಂದಳು. ಅವಳ ಕೈ ಹಿಡಿದು ಇದು ಕಾಳು, ಇದು ಪೊಳ್ಳು ಅಂತ ಕಲಿಸಿದವಳು ನಾನೇ. ಮೊದಮೊದಲು ಇಬ್ಬರೂ ಆರಿಸುತ್ತಾ ಆರಿಸುತ್ತಾ ಅತ್ತೆಯನ್ನು ಆಡಿಕೊಂಡು ನಗುತ್ತಿದ್ದೆವು. ಆಮೇಲೆ ಮನೆ ಪಾಲಾಯಿತು. ಅತ್ತೆಯ ತಾಮ್ರದ ಹಂಡೆ ಅವಳ ಪಾಲಿಗೆ ಹೋಯಿತು. ನಾನು ಒಂದು ಮಾತು ಅಂದೆ, ಅವಳು ಎರಡು ಅಂದಳು, ನಾನು ಅವಳ ತವರುಮನೆಯವರನ್ನೂ ಬೀದಿಗೆ ಎಳೆದೆ. ಅಲ್ಲಿಗೆ ಮಾತು ನಿಂತಿತು. ಹನ್ನೊಂದು ವರ್ಷ.

ಮಾತು ನಿಂತರೂ ಚಾಪೆ ಒಂದೇ ತಾನೆ, ಏನು ಮಾಡುವುದು? ಬುಟ್ಟಿಯ ಜೊತೆ ಮಾತಾಡುವುದು ಕಲಿತೆವು. "ಬುಟ್ಟೀ, ಯಾರೋ ಬೆಳಕಿಗೆ ಅಡ್ಡ ಕೂತಿದಾರೆ, ಸ್ವಲ್ಪ ಸರೀಬೇಕಂತೆ" ಅಂತ ನಾನು ಅಂದರೆ, "ಬುಟ್ಟೀ, ಆರಿಸೋದು ಬೆರಳಲ್ಲಿ, ಬೆಳಕು ಯಾಕೆ ಬೇಕಂತೆ ಕೇಳು" ಅಂತ ಅವಳು. ಅಕ್ಕಪಕ್ಕದ ಚಾಪೆಯವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಗಲಿ. ನನ್ನ ಯಜಮಾನರು ತೀರಿಕೊಂಡಾಗ ಹದಿಮೂರು ದಿನವೂ ಬಂದು ಹೊರಗೆ ಪಾತ್ರೆ ತೊಳೆದಿಟ್ಟು ಹೋದಳು, ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಹಟ ಅಂದರೆ ಇಬ್ಬರದ್ದೂ ಹಟವೇ.

ಹೋದ ಕಾರ್ತಿಕದಲ್ಲಿ ನನಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದೆ. ಎದ್ದ ಮೇಲೆ ಬೆರಳ ತುದಿ ಜೋಮು ಹಿಡಿದ ಹಾಗಿತ್ತು. ನೀರಿನ ಥಂಡಿಗೆ ಹೀಗಾಗಿದೆ ಅಂದುಕೊಂಡೆ, ಹರಳೆಣ್ಣೆ ಹಚ್ಚಿ ತಿಕ್ಕಿದೆ. ಒಂದು ದಿನ ರೊಟ್ಟಿ ಹಂಚಿನ ಮೇಲೆ ಬೆರಳು ಊರಿದ್ದು, ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಗೊತ್ತಾಯಿತು. ಅದಕ್ಕೂ ಒಂದು ನೆಪ ಹುಡುಕಿದೆ, ಕೆಲಸ ಮಾಡಿ ಮಾಡಿ ಚರ್ಮ ದಪ್ಪ ಆಗಿದೆ ಅಂತ. ಯಾರಿಗೂ ಹೇಳಲಿಲ್ಲ. ನಮ್ಮೂರಲ್ಲಿ 'ಕೈ ಕೆಟ್ಟವಳು' ಅನ್ನಿಸಿಕೊಳ್ಳುವುದಕ್ಕಿಂತ ಬಾವಿಗೆ ಬೀಳುವುದು ವಾಸಿ. ಮಕ್ಕಳಿಲ್ಲದ ನನಗೆ ಇರುವುದು ಆ ಚಾಪೆಯೊಂದೇ. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ, ಕೂತರೆ ನಾಲ್ಕು ಜನರ ಸದ್ದು, ಎದ್ದು ಬರುವಾಗ 'ಪುಟ್ಟಸಿದ್ದಮ್ಮನ ಕೈ ಅಂದ್ರೆ ಕೈ' ಅನ್ನುವ ಮಾತು. ಅದು ಹೋದರೆ ನಾನು ಯಾರು?

ಹಾಗಾಗಿ ಸುಮ್ಮನೆ ಆರಿಸುತ್ತಾ ಹೋದೆ. ನಲವತ್ತು ವರ್ಷದ ರೂಢಿ, ಕೈ ತಾನೇ ತಾನಾಗಿ ಬುಟ್ಟಿಯಿಂದ ಬುಟ್ಟಿಗೆ ಹೋಗುತ್ತಿತ್ತು. ಒಂದು ವಾರ ಬಂಡಿ ಬರುವ ದಾರಿ ನೋಡುತ್ತಲೇ ಕಾದೆ. ಕೆಂಪು ದಾರ ಬರಲಿಲ್ಲ. ತಿಂಗಳಾಯಿತು, ಬರಲಿಲ್ಲ. ಆರು ತಿಂಗಳು ಕಳೆದರೂ ಒಂದೇ ಒಂದು ದಾರ ಇಲ್ಲ. ನೋಡಿದೆಯಾ, ನನ್ನ ಕೈಗೇನೂ ಆಗಿಲ್ಲ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಗಲೇ ಅದು ಕಣ್ಣಿಗೆ ಬಿದ್ದದ್ದು. ನೀರು ಕುಡಿಯಲು ಎದ್ದು ಹೋಗಿದ್ದೆ. ಹಿಂದಿರುಗಿ ನೋಡುತ್ತೇನೆ, ದೇವೀರಮ್ಮನ ಕೈ ನನ್ನ ಕಾಳಿನ ಬುಟ್ಟಿಯಲ್ಲಿ! ಸರಸರ ಏನೋ ಎತ್ತಿ ನನ್ನದೇ ಮಿಡುಕಿನ ಬುಟ್ಟಿಗೆ ಹಾಕಿದಳು, ಇನ್ನೊಂದೆರಡು ಎತ್ತಿ ಅಂಟಿಗೆ ಹಾಕಿದಳು. ನಾನು ಕಂಬದ ಹಿಂದೆ ನಿಂತುಬಿಟ್ಟೆ. ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಬೇಕಂತಲೇ ಎದ್ದು ಹೋದೆ. ಅದೇ ಕಥೆ. ನಾಲ್ಕು ದಿನ ನೋಡಿದೆ, ನಾಲ್ಕು ದಿನವೂ ಅದೇ.

ನನ್ನ ತಲೆ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು. ಅವಳ ಸೊಸೆ ಹೊನ್ನಾಜಮ್ಮ ಎರಡು ವರ್ಷದಿಂದ ಚಾಪೆಗಾಗಿ ಕಾಯುತ್ತಿದ್ದಳು. ಒಳ್ಳೆಯ ಕೈ ಅಂತ ಹೆಸರು ಬೇರೆ ಆಗಿತ್ತು. ಯಾರಾದರೂ ಎದ್ದರೆ ತಾನೆ ಜಾಗ? ಓಹೋ, ನನ್ನ ಬುಟ್ಟಿ ಕೆಡಿಸಿ, ನನ್ನ ಹೆಸರು ಕೆಡಿಸಿ, ಸೊಸೆಯನ್ನು ತಂದು ಕೂರಿಸುವ ಹುನ್ನಾರ! ಹಂಡೆ ಸಾಲದು ಅಂತ ಈಗ ಚಾಪೆಗೆ ಬಂದಳೇ ಅಂದುಕೊಂಡೆ. ಬುಟ್ಟಿ ಕೆಡಿಸಿದ್ದರೆ ಕೆಂಪು ದಾರ ಯಾಕೆ ಬರಲಿಲ್ಲ ಅಂತ ಒಂದು ಸಲವಾದರೂ ಯೋಚಿಸಬೇಕಿತ್ತಲ್ಲ? ಯೋಚಿಸಲಿಲ್ಲ. ಸಿಟ್ಟು ಬಂದಾಗ ಯಾರು ಯೋಚಿಸುತ್ತಾರೆ, ಹೇಳಿ.

ಐದನೆಯ ದಿನ ಕಟ್ಟೆಯೆಲ್ಲ ತುಂಬಿದ್ದಾಗ ಎದ್ದು ನಿಂತೆ. "ಮೇಷ್ಟ್ರೇ, ಇವಳು ನನ್ನ ಬುಟ್ಟಿಗೆ ಕೈ ಹಾಕ್ತಾಳೆ! ನಾನು ಹಾಕಿದ್ದನ್ನ ತೆಗೆದು ತೆಗೆದು ಬೇರೆ ಕಡೆ ಸೇರಿಸ್ತಾಳೆ. ಕಣ್ಣಾರೆ ಕಂಡಿದೀನಿ!"

ಎಲ್ಲರೂ ದೇವೀರಮ್ಮನ ಮುಖ ನೋಡಿದರು. ಅವಳು ತಲೆ ಎತ್ತಲಿಲ್ಲ.

"ಹೌದೇನಮ್ಮ?" ಅಂತ ಮೇಷ್ಟ್ರು ಕೇಳಿದರು.

"ಬುಟ್ಟೀ," ಅಂದಳು ದೇವೀರಮ್ಮ, "ಕೈ ಹಾಕಿದ್ದು ಹೌದು ಅಂತ ಹೇಳು." ಯಾಕೆ ಅಂತ ಹೇಳಲಿಲ್ಲ. ಎಷ್ಟು ಕೇಳಿದರೂ ಹೇಳಲಿಲ್ಲ.

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ಪುಟ್ಟಸಿದ್ದಮ್ಮನವರೇ, ದುಡುಕಬೇಡಿ. ದೂರು ಅಂತ ಆದ್ರೆ ಇಬ್ಬರ ಕೈಯನ್ನೂ ನೋಡಬೇಕಾಗುತ್ತೆ. ಯಾರ ಕೈ ಹೆಚ್ಚು ತಪ್ಪುತ್ತೋ ಅವರು ಚಾಪೆ ಬಿಡಬೇಕು. ಇಬ್ಬರದ್ದೂ ಒಂದೇ ಸಮ ಆದ್ರೆ ದೂರು ಬಿದ್ದುಹೋಗುತ್ತೆ, ಇಬ್ಬರೂ ಕೂರಬಹುದು. ಆದ್ರೆ ತಪ್ಪಿದ ಕೈಯವರ ಮನೆಯಿಂದ ಮುಂದೆ ಯಾರಿಗೂ ಚಾಪೆ ಸಿಗಲ್ಲ. ಅತ್ತಿಗೆ ನಾದಿನಿ ಜಗಳ ಅಂತ ಬಿಟ್ಟುಬಿಡೋಣ."

"ಓರಗಿತ್ತಿ ಜಗಳ," ಅಂದೆ. "ನೋಡಿ ಮೇಷ್ಟ್ರೇ, ನನ್ನ ಕೈಗೇನು ದಾಡಿ? ನಾಳೆನೇ ನೋಡಿ."

ಮಾರನೆಯ ಬೆಳಿಗ್ಗೆ ಕಟ್ಟೆಯ ನಡುವೆ ನಮ್ಮ ಚಾಪೆಯೊಂದನ್ನೇ ಹಾಸಿದರು. ಎಂಟು ಬಟ್ಟಲು ಸಾಲಾಗಿ ಇಟ್ಟರು. ಕಟ್ಟೆಗೆಲ್ಲ ಹಿರಿಯಳಾದ ಮಾದಜ್ಜಿ ಹತ್ತು ಪದ ಆರಿಸಿ, ಯಾವುದು ಯಾವುದೆಂದು ಮೇಷ್ಟ್ರ ಕಿವಿಯಲ್ಲಿ ಹೇಳಿ, ಒದ್ದೆ ಬಟ್ಟೆಯ ಕೆಳಗೆ ಇಟ್ಟಳು. ಇಬ್ಬರಿಗೂ ಅದೇ ಹತ್ತು. ದೂರು ಕೊಟ್ಟವಳು ಮೊದಲು.

ಬಟ್ಟೆಯ ಕೆಳಗೆ ಕೈ ಹಾಕಿದೆ. ಒಂದನ್ನು ಹಿಡಿದೆ. ಏನೂ ಇಲ್ಲ. ಹಿಡಿದಿದ್ದೇನೋ ಇಲ್ಲವೋ ಅನ್ನುವುದೂ ಸರಿಯಾಗಿ ತಿಳಿಯಲಿಲ್ಲ. ಇನ್ನೊಂದನ್ನು ಹಿಡಿದೆ, ಅದೂ ಹಾಗೇ. ದಿನಾ ರಾಶಿಯ ಮುಂದೆ ಕೂತು ಬಡಬಡ ಆರಿಸುವಾಗ ಮರೆಸಿಕೊಂಡದ್ದು, ಹತ್ತೇ ಹತ್ತು ಪದದ ಮುಂದೆ, ಅಷ್ಟು ಜನ ನೋಡುತ್ತಾ ಕೂತಿರುವಾಗ, ಮರೆಸಿಕೊಳ್ಳಲು ಆಗಲಿಲ್ಲ. ಹತ್ತೂ ಒಂದೇ ಥರ, ನದಿಯ ಕಲ್ಲು ಹೆಕ್ಕಿದ ಹಾಗೆ. ದೇವರ ಮೇಲೆ ಭಾರ ಹಾಕಿ ಒಂದೊಂದನ್ನು ಒಂದೊಂದು ಬಟ್ಟಲಿಗೆ ಹಾಕುತ್ತಾ ಹೋದೆ.

ಹಾಕುತ್ತಿರುವಾಗಲೇ ಒಂದು ಮಾತು ತಲೆಗೆ ಬಂತು. ನನ್ನ ಕೈ ಹೀಗಿದ್ದರೆ, ಇಷ್ಟು ತಿಂಗಳು ನನ್ನ ಬುಟ್ಟಿಗಳು ಒಂದೂ ಕೆಂಪು ದಾರವಿಲ್ಲದೆ ಹೋದದ್ದು ಹೇಗೆ?

ತಲೆ ಎತ್ತಿದೆ. ಎದುರಿಗೆ ದೇವೀರಮ್ಮ ಕೂತಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನನ್ನ ಮುಖ ನೋಡುತ್ತಿದ್ದಳು. ನಾನು ಬಗ್ಗಿ ಬಟ್ಟಲು ನೋಡಿದೆ. ಅಯ್ಯೋ ಶಿವನೇ, ಎಂಥ ಪಾಪಿ ನಾನು ಅನ್ನಿಸಿತು.

ಮೇಷ್ಟ್ರು ಬಟ್ಟಲು ನೋಡಿ, ಇನ್ನೊಂದು ಸಲ ನೋಡಿ, ಗಂಟಲು ಸರಿಮಾಡಿಕೊಂಡರು. "ಮೂರು ಸರಿ. ಏಳು ತಪ್ಪು."

ಗುಜುಗುಜು ಎದ್ದಿತು. ಏಳಾ? ಪುಟ್ಟಸಿದ್ದಮ್ಮನದ್ದಾ? ಹೊಸದಾಗಿ ಕೂತವರೂ ಹತ್ತಕ್ಕೆ ಎರಡು ತಪ್ಪುವುದಿಲ್ಲ. ಮಾದಜ್ಜಿ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು.

ಆಮೇಲೆ ದೇವೀರಮ್ಮನ ಸರದಿ. ಬಟ್ಟೆಯ ಕೆಳಗೆ ಕೈ ಹಾಕಿ, ಒಂದು, ಎರಡು, ಮೂರು, ಪಟಪಟ ತೆಗೆದು ಹಾಕಿದಳು, ಅವಳ ಕೈಯೇ ಹಾಗೆ, ಅದು ನಾನು ಕಲಿಸಿದ ಕೈ. ನಾಲ್ಕನೆಯದನ್ನು ಹಿಡಿದಳು. ಹೆಬ್ಬೆರಳು ಒಂದು ಗಳಿಗೆ ನಿಂತಿತು. ಅದು ಮಿಡುಕು. ಅವಳ ಹೆಬ್ಬೆರಳು ನಿಂತ ರೀತಿಯಲ್ಲೇ ಕೂತಲ್ಲಿಂದ ನನಗೆ ಗೊತ್ತಾಯಿತು. ತೆಗೆದುಕೊಂಡು ಹೋಗಿ ಕಾಳಿನ ಬಟ್ಟಲಿಗೆ ಹಾಕಿದಳು. ಐದನೆಯದು ಅವಳ ಉಗುರಿಗೇ ಹತ್ತಿಕೊಂಡಿತು, ಅಷ್ಟು ಚೆನ್ನಾದ ಅಂಟು. ಬಿಡಿಸಿ ಜೋಡುಕೊಕ್ಕೆಯ ಬಟ್ಟಲಿಗೆ ಹಾಕಿದಳು. ಹೀಗೆ ಏಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಕಟ್ಟೆಯಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ, ಅವಳ ಎದುರಿಗೆ ನಲವತ್ತು ವರ್ಷದ ಹತ್ತಿರ ಕೂತವಳು ನಾನು ಮಾತ್ರ ತಾನೆ. ದೂರದಲ್ಲಿ ಅವಳ ಸೊಸೆ ಹೊನ್ನಾಜಮ್ಮ ಗೋಡೆಗೆ ಒರಗಿ ನಿಂತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು.

"ಮೂರು ಸರಿ, ಏಳು ತಪ್ಪು," ಅಂದರು ಮೇಷ್ಟ್ರು. ಅವರ ದನಿಯಲ್ಲಿ ಬೇಸರವೂ ಇತ್ತು, ಹೊರೆ ಇಳಿದ ಹಾಗೂ ಇತ್ತು. "ಸಮ ಸಮ. ದೂರು ಬಿದ್ದುಹೋಯ್ತು. ವಯಸ್ಸಾಯ್ತು ಇಬ್ಬರಿಗೂ, ಇನ್ನೇನು. ಕೂತ್ಕೊಳ್ಳಿ, ರಾಶಿ ತರಿಸ್ತೀನಿ."

ಕೂತುಬಿಟ್ಟಿದ್ದರೆ ಮುಗಿದಿತ್ತು. ನನ್ನ ಚಾಪೆ ನನಗೆ ಉಳಿಯುತ್ತಿತ್ತು. ಅವಳು ದಿನಾ ನನ್ನ ಬುಟ್ಟಿ ಸರಿಮಾಡುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಕೂರಲು ಹೋದೆ. ಒಂದು ಮೊಣಕಾಲು ಮಡಚಿಯೂ ಆಗಿತ್ತು. ಅಷ್ಟರಲ್ಲಿ ಯಾರೋ ಹಿಂದಿನಿಂದ, "ದೇವೀರಮ್ಮನ ಕೈಯೂ ಕೆಟ್ಟೋಯ್ತಾ!" ಅಂದರು. ಇನ್ನೊಬ್ಬಳು, "ಆ ಹುಡುಗಿ ಹೊನ್ನಾಜಿಗೆ ಇನ್ನು ಚಾಪೆ ಕನಸು" ಅಂದಳು. ಮಡಚಿದ ಕಾಲು ಬಿಚ್ಚಿ ನೆಟ್ಟಗೆ ನಿಂತೆ.

"ಮೇಷ್ಟ್ರೇ, ಕೆಟ್ಟಿರೋದು ನನ್ನ ಕೈ," ಅಂದೆ. "ಕಾರ್ತಿಕದಿಂದ ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ಬಿಸಿ ಗೊತ್ತಾಗಲ್ಲ, ತಣ್ಣಗೆ ಗೊತ್ತಾಗಲ್ಲ. ಇಷ್ಟು ದಿನ ನಾನು ತಪ್ಪು ಹಾಕಿದ್ದನ್ನೆಲ್ಲ ಸರಿಮಾಡಿ ಕಳಿಸಿದವಳು ಇವಳು. ಅದಕ್ಕೇ ನನ್ನ ಬುಟ್ಟಿಗೆ ಕೈ ಹಾಕಿದ್ದು. ಈಗ ಏಳು ತಪ್ಪು ಹಾಕಿದಾಳಲ್ಲ, ಅದೂ ನನಗೋಸ್ಕರ. ಬೇಕಿದ್ರೆ ಇನ್ನೊಂದು ಸಲ ಅವಳ ಕೈ ನೋಡಿ, ನೂರು ಕೊಡಿ, ನೂರೂ ಸರಿ ಹಾಕ್ತಾಳೆ. ನಾನು ಚಾಪೆ ಬಿಡ್ತೀನಿ. ನನ್ನ ಜಾಗದಲ್ಲಿ ಹೊನ್ನಾಜಮ್ಮ ಕೂತ್ಕೊಳ್ಲಿ."

ಮೇಷ್ಟ್ರು ಮಾದಜ್ಜಿಯ ಕಡೆ ನೋಡಿದರು. ಮಾದಜ್ಜಿ ಬಟ್ಟಲಿನಿಂದ ಹತ್ತೂ ಪದ ಬಾಚಿಕೊಂಡು ಬಂದು ದೇವೀರಮ್ಮನ ಮುಂದೆ ಸುರಿದು, "ಹಾಕೇ" ಅಂದಳು. ದೇವೀರಮ್ಮ ಅಲುಗಾಡಲಿಲ್ಲ. "ಹಾಕ್ತೀಯೋ, ಎರಡು ಬಿಗೀಲೋ?" ಅಂದಳು ಅಜ್ಜಿ. ಆಗ ಹಾಕಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದರೂ ಹತ್ತೂ ಸರಿ ಹಾಕಿದಳು, ನೀರಲ್ಲಿ ಅಕ್ಕಿ ತೊಳೆಯುವಷ್ಟು ಹೊತ್ತೂ ಆಗಲಿಲ್ಲ.

"ಸರಿ," ಅಂದರು ಮೇಷ್ಟ್ರು. "ಚಾಪೆ ದೇವೀರಮ್ಮನವರದ್ದು, ಹೊನ್ನಾಜಮ್ಮನದ್ದು." ಅಷ್ಟೇ ಹೇಳಿ, ಮುಖ ಒರೆಸಿಕೊಳ್ಳುತ್ತಾ ತೂಬಿನ ಕಡೆ ಹೋದರು.

ನಾನು ಕಟ್ಟೆಯ ಮೆಟ್ಟಿಲಿನ ಮೇಲೆ ಬಂದು ಕೂತೆ. ಮನೆಗೆ ಹೋಗಲು ಕಾಲು ಬರಲಿಲ್ಲ. ಹಿಂದಿನಿಂದ ಗಂಡಸರು ರಾಶಿ ಸುರಿದ ಸದ್ದು, ಚಾಪೆ ಹಾಸಿಕೊಂಡ ಸದ್ದು, ಎಲ್ಲೋ ಒಂದು ಚಿಟಿಕೆ ಸಿಡಿದು ಹುಡುಗಿಯರು ನಕ್ಕ ಸದ್ದು. ಎಲ್ಲ ಎಂದಿನ ಹಾಗೇ ಇತ್ತು, ನಾನು ಮಾತ್ರ ಮೆಟ್ಟಿಲ ಮೇಲೆ.

ಪಕ್ಕದಲ್ಲಿ ಯಾರೋ ಧೊಪ್ಪನೆ ಕೂತರು. ನೋಡಿದರೆ ಅವಳು.

"ಸುಮ್ನೆ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದಳು. ಬುಟ್ಟಿಗಲ್ಲ, ನನಗೇ. "ಬಾಯಿ ಮುಚ್ಚಿಕೊಂಡಿರೋದು ಈ ಜನ್ಮದಲ್ಲಿ ಕಲಿಯಲ್ಲ ಅಲ್ವೇನಕ್ಕ ನೀನು? ಆಗಲೂ ಹಾಗೇ, ಈಗಲೂ ಹಾಗೇ."

"ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ ದೇವೀರಿ?"

"ಹೇಳಿದ್ರೆ ಬಿಟ್ಟಿರ್ತಿದ್ಯಾ ನನ್ನ? ಕೈ ಕೆಟ್ಟೋಯ್ತು ಅಂದಳು ಅಂತ ಊರೆಲ್ಲ ಸಾರ್ಕೊಂಡು ಬರ್ತಿದ್ದೆ."

ನಿಜ. ಸಾರಿಕೊಂಡೇ ಬರುತ್ತಿದ್ದೆ.

"ಕೈ ಕೊಡು," ಅಂದಳು. ಕೊಟ್ಟೆ. ಹೆಬ್ಬೆರಳ ತುದಿಗೆ ತನ್ನ ಉಗುರನ್ನು ಊರಿ, "ಗೊತ್ತಾಗ್ತದಾ?" ಅಂತ ಕೇಳಿದಳು.

"ಇಲ್ಲ."

ತೋರುಬೆರಳಿಗೆ ಊರಿದಳು. "ಇಲ್ಲಿ?"

"ಇಲ್ಲ."

ಹೀಗೆ ಒಂದೊಂದೇ ಬೆರಳು, ಒಂದೊಂದೇ ಗೆಣ್ಣು, ಹುಣಸೆಹಣ್ಣಿನಲ್ಲಿ ಬೀಜ ಹುಡುಕುವವಳ ಹಾಗೆ ಬಗ್ಗಿ ನೋಡುತ್ತಾ ಹೋದಳು. ಬೆರಳು ಮುಗಿದು ಅಂಗೈಗೆ ಬಂದಳು. ಅಂಗೈ ನಡುವೆ ಅವಳ ಉಗುರು ತಾಕಿತು. ಚುರುಕ್ ಅಂದಿತು. ಅವಳ ಬೆರಳ ಬಿಸಿಯೂ ಗೊತ್ತಾಯಿತು, ಅದು ಸಣ್ಣಗೆ ಮಿಡಿಯುತ್ತಿದ್ದದ್ದೂ ಗೊತ್ತಾಯಿತು.

"ಇಲ್ಲಿ?" ಅಂದಳು.

"ಇಲ್ಲ ಕಣೇ," ಅಂದೆ. ಗೊತ್ತಾಯಿತು ಅಂದರೆ ಎಲ್ಲಿ ಕೈ ಬಿಟ್ಟುಬಿಡುತ್ತಾಳೋ ಅಂತ ಭಯ ನನಗೆ.